ಅರ್ನ್ಸ್ಟ್ ಕ್ಲಾಡ್ನಿ (1756–1827): ಆಕಾಶದಿಂದ ಬಿದ್ದ ಕಲ್ಲುಗಳಿಗೆ ಸಾಕ್ಷಿ ಕಲೆಹಾಕಿದ ವಿಜ್ಞಾನಿ

ಆಕಾಶದಿಂದ ಕಲ್ಲುಗಳು ಬೀಳುತ್ತವೆ ಎಂಬುದು ಇಂದು ಶಾಲಾ ಮಕ್ಕಳಿಗೂ ತಿಳಿದ ಸಂಗತಿ. ಹದಿನೆಂಟನೆಯ ಶತಮಾನದ ಯೂರೋಪಿನ ವಿದ್ವತ್ ವಲಯದಲ್ಲಿ ಈ ಮಾತನ್ನು ಆಡಿದವರು ನಗೆಪಾಟಲಿಗೆ ಈಡಾಗುತ್ತಿದ್ದರು. ಕಲ್ಲು ಬಿದ್ದುದನ್ನು ಕಣ್ಣಾರೆ ಕಂಡ ರೈತರ, ಕುರಿಗಾಹಿಗಳ ಹಾಗೂ ಗ್ರಾಮಾಧಿಕಾರಿಗಳ ಹೇಳಿಕೆಗಳನ್ನು ಮೂಢನಂಬಿಕೆಯೆಂದು ಬದಿಗಿರಿಸಲಾಗುತ್ತಿತ್ತು. ಆ ಹೇಳಿಕೆಗಳನ್ನು ಸಾಕ್ಷ್ಯವೆಂದು ಪರಿಗಣಿಸಿ, ನ್ಯಾಯಾಲಯದಲ್ಲಿ ತೂಗುವಂತೆ ಒಂದೊಂದನ್ನೂ ತೂಗಿ ನೋಡಿದವರು ಜರ್ಮನಿಯ ಅರ್ನ್ಸ್ಟ್ ಫ್ಲೋರೆನ್ಸ್ ಫ್ರೀಡ್ರಿಶ್ ಕ್ಲಾಡ್ನಿಯವರು. ಉಲ್ಕಾಶಿಲಾ ವಿಜ್ಞಾನದ ಜನಕರೆಂದು ಇವರನ್ನು ಗೌರವಿಸಲಾಗುತ್ತದೆ.

ಉಲ್ಕಾಶಿಲೆಗಳಲ್ಲಿ ಜ್ವಾಲಾಮುಖಿ ಮೂಲದ ಒಂದು ವರ್ಗವಿದೆ. ಬೇರೊಂದು ಆಕಾಶಕಾಯದ ಮೇಲೆ ಲಾವಾರಸವಾಗಿ ಹರಿದು, ಗಟ್ಟಿಯಾಗಿ, ಕೋಟ್ಯಂತರ ವರ್ಷಗಳ ಬಳಿಕ ಭೂಮಿಗೆ ಬಂದು ಬಿದ್ದ ಈ ಕಲ್ಲುಗಳು ನಮ್ಮ ನೆಲದ ಕಪ್ಪುಶಿಲೆಯನ್ನೇ ಬಹಳಮಟ್ಟಿಗೆ ಹೋಲುತ್ತವೆ. ಬಿದ್ದುದನ್ನು ಕಂಡವರು ಹೇಳದಿದ್ದರೆ ಇವುಗಳನ್ನು ಯಾರೂ ಎತ್ತಿಡುವ ಸಂಭವವೇ ಇರಲಿಲ್ಲ. ಕ್ಲಾಡ್ನಿಯವರ ಕಾರ್ಯವಿಧಾನದ ಬೆಲೆ ಈ ವರ್ಗದ ಶಿಲೆಗಳ ವಿಷಯದಲ್ಲಿ ವಿಶೇಷವಾಗಿ ಮನವರಿಕೆಯಾಗುತ್ತದೆ. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಹಾಗೂ ಸಾಧನೆಯ ವಿವರಗಳನ್ನು ಕೆಳಗೆ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕ್ಲಾಡ್ನಿಯವರು 1756ರ ನವೆಂಬರ್ 30ರಂದು ಜರ್ಮನಿಯ ಸ್ಯಾಕ್ಸನಿ ಪ್ರಾಂತದ ವಿಟ್ಟೆನ್‌ಬರ್ಗ್ ನಗರದಲ್ಲಿ ಜನಿಸಿದರು. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಪ್ರಾಧ್ಯಾಪಕರು. ಅತ್ಯಂತ ಶಿಸ್ತಿನ ಮನುಷ್ಯ. ಮಗನೂ ಕಾನೂನನ್ನೇ ಓದಬೇಕೆಂಬುದು ಅವರ ನಿರ್ಧಾರವಾಗಿತ್ತು. ಬಾಲಕನಿಗೆ ಸಂಗೀತದಲ್ಲಿಯೂ ಪ್ರಕೃತಿ ವಿಜ್ಞಾನದಲ್ಲಿಯೂ ಇದ್ದ ಒಲವನ್ನು ಯಾರೂ ಕೇಳಲಿಲ್ಲ. ವಿಟ್ಟೆನ್‌ಬರ್ಗ್ ಹಾಗೂ ಲೈಪ್ಸಿಗ್ ನಗರಗಳಲ್ಲಿ ವ್ಯಾಸಂಗ ಮಾಡಿ 1782ರಲ್ಲಿ ಅವರು ಕಾನೂನು ಪದವಿ ಪಡೆದರು. ಅದೇ ವರ್ಷ ತಂದೆ ತೀರಿಕೊಂಡರು. ಕಾನೂನು ವೃತ್ತಿಯನ್ನು ಕೈಬಿಟ್ಟು ಕ್ಲಾಡ್ನಿಯವರು ತಮಗೆ ಬೇಕಾದ ದಾರಿಯನ್ನು ಹಿಡಿದರು.

ಹೀಗೆ ಬೇಡವಾಗಿ ಓದಿದ ವಿದ್ಯೆಯೇ ಮುಂದೆ ಅವರ ಅತಿ ದೊಡ್ಡ ಕೆಲಸಕ್ಕೆ ಆಧಾರವಾಯಿತೆಂಬುದನ್ನು ಇಲ್ಲಿಯೇ ಗಮನಿಸುವುದು ಸೂಕ್ತ.

ನಾದ ಮತ್ತು ಮರಳು

ಮೊದಲ ಕೀರ್ತಿ ಬಂದದ್ದು ನಾದಶಾಸ್ತ್ರದಿಂದ. ಗಾಜಿನ ಅಥವಾ ಲೋಹದ ತೆಳು ಫಲಕದ ಮೇಲೆ ಸಣ್ಣ ಮರಳನ್ನು ಉದುರಿಸಿ, ಅದರ ಅಂಚಿಗೆ ಪಿಟೀಲಿನ ಕಮಾನನ್ನು ಎಳೆದರೆ, ಫಲಕವು ನಾದ ಹೊರಡಿಸುತ್ತಲೇ ಮರಳು ಸರಿದು, ಕಂಪನವಿಲ್ಲದ ರೇಖೆಗಳ ಮೇಲೆ ರಂಗೋಲಿಯಂತೆ ನಿಲ್ಲುತ್ತದೆ. ಈ ಆಕೃತಿಗಳ ವಿವರಣೆಯನ್ನು ಒಳಗೊಂಡ ಗ್ರಂಥವನ್ನು ಅವರು 1787ರಲ್ಲಿ ಪ್ರಕಟಿಸಿದರು. ಅವುಗಳಿಗೆ ಇಂದಿಗೂ ಕ್ಲಾಡ್ನಿ ಆಕೃತಿಗಳೆಂದೇ ಹೆಸರು. ಬೆಂಗಳೂರಿನಲ್ಲಿ ಸರ್ ಸಿ.ವಿ. ರಾಮನ್ ಅವರು ಭಾರತೀಯ ಚರ್ಮವಾದ್ಯಗಳನ್ನು ಕುರಿತು 1934ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೃದಂಗದ ಮುಖದ ಕಂಪನಗಳನ್ನು ತೋರಿಸಲು ಬಳಸಿದ್ದು ಇದೇ ಮರಳಿನ ವಿಧಾನವನ್ನು.

ಕ್ಲಾಡ್ನಿಯವರಿಗೆ ಜೀವಮಾನದಲ್ಲಿ ಎಂದೂ ಪ್ರಾಧ್ಯಾಪಕ ಹುದ್ದೆ ದೊರೆಯಲಿಲ್ಲ. ತಾವೇ ರೂಪಿಸಿದ ಎರಡು ವಾದ್ಯಗಳನ್ನು ಗಾಡಿಯಲ್ಲಿ ಹೇರಿಕೊಂಡು ಊರಿಂದೂರಿಗೆ ಸಂಚರಿಸಿ, ಟಿಕೆಟ್ ಇಟ್ಟು ಉಪನ್ಯಾಸ ಹಾಗೂ ಪ್ರಾತ್ಯಕ್ಷಿಕೆ ನೀಡಿ ಜೀವನ ಸಾಗಿಸಿದರು. ಅವರು ವಿವಾಹವಾಗಲಿಲ್ಲ. 1809ರಲ್ಲಿ ಪ್ಯಾರಿಸ್ಸಿನ ಅರಮನೆಯಲ್ಲಿ ನೆಪೋಲಿಯನ್ ಚಕ್ರವರ್ತಿಯ ಮುಂದೆ ಮರಳಿನ ಆಕೃತಿಗಳನ್ನು ಪ್ರದರ್ಶಿಸಿದಾಗ, ಅವರ ನಾದಶಾಸ್ತ್ರದ ಗ್ರಂಥವನ್ನು ಫ್ರೆಂಚ್ ಭಾಷೆಗೆ ತರಲು 6000 ಫ್ರಾಂಕುಗಳನ್ನು ಮಂಜೂರು ಮಾಡಲಾಯಿತು. ನಾದಶಾಸ್ತ್ರವು ಅವರಿಗೆ ಅನ್ನವನ್ನೂ ಮರ್ಯಾದೆಯನ್ನೂ ಒದಗಿಸಿತು. ಉಲ್ಕಾಶಿಲೆಗಳ ಅಧ್ಯಯನವು ಬಹುಕಾಲ ಒದಗಿಸಿದ್ದು ಅಪಹಾಸ್ಯವನ್ನು ಮಾತ್ರ.

ಅಂದಿನ ಪರಿಸ್ಥಿತಿ

ಆ ಕಾಲದ ವಿದ್ವಾಂಸರ ಅಭಿಪ್ರಾಯ ಹೇಗಿತ್ತೆಂಬುದನ್ನು ಅರಿಯದೆ ಮುಂದಿನ ಸಂಗತಿಗಳ ಮಹತ್ವ ತಿಳಿಯುವುದಿಲ್ಲ. ಗ್ರಹಗಳ ನಡುವಣ ಅವಕಾಶವು ಸಂಪೂರ್ಣ ಬರಿದೆಂದು ನಂಬಲಾಗಿತ್ತು. ಬೀಳಲು ಅಲ್ಲಿ ಕಲ್ಲೇ ಇಲ್ಲದ ಮೇಲೆ, ಬಿದ್ದಿತೆಂಬ ಮಾತು ಸುಳ್ಳು ಅಥವಾ ಭ್ರಮೆ ಎಂಬುದು ತೀರ್ಮಾನ. ಫ್ರಾನ್ಸಿನ ಲೂಸೆ ಎಂಬಲ್ಲಿ 1768ರಲ್ಲಿ ಜನರ ಕಣ್ಣೆದುರಿಗೇ ಬಿದ್ದ ಕಲ್ಲನ್ನು ವಿಜ್ಞಾನ ಅಕಾಡೆಮಿಯ ಸಮಿತಿಯೊಂದು ಪರೀಕ್ಷಿಸಿತು. ಮಹಾ ರಸಾಯನಜ್ಞ ಲವೋಸಿಯೇ ಆ ಸಮಿತಿಯ ಸದಸ್ಯರಲ್ಲೊಬ್ಬರು. ಅದು ಸಿಡಿಲು ಬಡಿದ ನೆಲದ ಕಲ್ಲು ಎಂದು ವರದಿ ನೀಡಲಾಯಿತು.

1790ರ ಜುಲೈ 24ರಂದು ನೈರುತ್ಯ ಫ್ರಾನ್ಸಿನ ಬಾರ್ಬೊತಾನ್ ಸುತ್ತಮುತ್ತ ಕಲ್ಲುಗಳ ಮಳೆಯೇ ಆಯಿತು. ಸಮೀಪದ ಊರಿನ ಮೇಯರ್ ಮಹಜರು ಸಿದ್ಧಪಡಿಸಿ, ನೂರಾರು ನಾಗರಿಕರ ಸಾಕ್ಷ್ಯದೊಂದಿಗೆ ರವಾನಿಸಿದರು. ಅದನ್ನು ಓದಿದ ವಿಜ್ಞಾನಿಯೊಬ್ಬರು, ಇಡೀ ಊರೇ ಕೂಡಿ ಅಜ್ಞಾನಕ್ಕೆ ರುಜು ಹಾಕಿದೆಯಲ್ಲ ಎಂಬ ಧಾಟಿಯಲ್ಲಿ ಮರುಕ ವ್ಯಕ್ತಪಡಿಸಿ ಬರೆದರು. ಅಂಚೆಯಲ್ಲಿ ಬಂದ ಅರ್ಜಿಯನ್ನು ತೆರೆದು ನೋಡದೆಯೇ ತಿರಸ್ಕರಿಸಿದಂತಾಯಿತು.

ಇದರ ಪರಿಣಾಮ ಕೇವಲ ವಾದಕ್ಕೆ ಸೀಮಿತವಾಗಿರಲಿಲ್ಲ. ಸಂಗ್ರಹಾಲಯಗಳಲ್ಲಿ ಹಿಂದಿನವರು ಜೋಪಾನವಾಗಿ ಇರಿಸಿದ್ದ ಆಕಾಶದ ಕಲ್ಲುಗಳನ್ನು, ನಗೆಗೀಡಾಗುವ ಭಯದಿಂದ, ಮೇಲ್ವಿಚಾರಕರೇ ಹೊರಗೆಸೆದರು. ಹಾಗೆ ಕಳೆದುಹೋದವು ಮರಳಿ ದೊರೆಯಲಿಲ್ಲ. ಕ್ಲಾಡ್ನಿಯವರನ್ನು ಮುಂದೆ ಬಹಳವಾಗಿ ನೋಯಿಸಿದ ಸಂಗತಿಯಿದು.

ಗಾಟಿಂಗನ್ ಗ್ರಂಥಾಲಯದ ಮೂರು ವಾರಗಳು

1793ರ ಆರಂಭದಲ್ಲಿ ಉಪನ್ಯಾಸ ಸಂಚಾರದ ನಡುವೆ ಕ್ಲಾಡ್ನಿಯವರು ಗಾಟಿಂಗನ್ ನಗರದಲ್ಲಿ ಭೌತವಿಜ್ಞಾನಿ ಲಿಖ್ಟೆನ್‌ಬರ್ಗ್ ಅವರನ್ನು ಭೇಟಿಯಾದರು. ಲಿಖ್ಟೆನ್‌ಬರ್ಗ್ ಅವರು 1791ರ ನವೆಂಬರಿನಲ್ಲಿ ಆಕಾಶದಲ್ಲಿ ಸಾಗಿಹೋದ ದೊಡ್ಡ ಬೆಂಕಿಯುಂಡೆಯೊಂದನ್ನು ಕಂಡಿದ್ದರು. ಇಂತಹ ಬೆಂಕಿಯುಂಡೆಗಳು ವಾತಾವರಣದಲ್ಲಿ ಹುಟ್ಟಿದವಲ್ಲದೆ ಹೊರಗಿನಿಂದ ಬಂದವೂ ಆಗಿರಬಹುದೆಂಬ ಮಾತು ಅವರಿಬ್ಬರ ಸಂಭಾಷಣೆಯಲ್ಲಿ ಬಂದಿತು. ಲಿಖ್ಟೆನ್‌ಬರ್ಗ್ ಅವರಿಗೆ ಅದು ಮಾತಿನ ನಡುವೆ ಹೊಳೆದ ಒಂದು ಊಹೆ. ಕ್ಲಾಡ್ನಿಯವರು ಮಾತ್ರ ಪ್ರಯಾಣವನ್ನು ಮುಂದೂಡಿ, ಮೂರು ವಾರಗಳ ಕಾಲ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತರು.

ಹಳೆಯ ವೃತ್ತಾಂತಗಳು, ಚರ್ಚಿನ ದಾಖಲೆಗಳು ಹಾಗೂ ವಿದ್ವತ್ ಪತ್ರಿಕೆಗಳಲ್ಲಿ ಚದುರಿದ್ದ ವರದಿಗಳನ್ನೆಲ್ಲ ಅವರು ಒಟ್ಟುಗೂಡಿಸಿದರು. ಕಾನೂನು ವ್ಯಾಸಂಗ ಇಲ್ಲಿ ನೆರವಿಗೆ ಬಂದಿತು. ಸಾಕ್ಷಿದಾರರು ಯಾರು, ಅವರಿಗೆ ಸುಳ್ಳು ಹೇಳುವುದರಿಂದ ಲಾಭವಿತ್ತೇ, ಪರಸ್ಪರ ಪರಿಚಯವಿಲ್ಲದ ದೂರದ ಊರುಗಳ ಜನರು ಒಂದೇ ಬಗೆಯ ವಿವರ ನೀಡಿದ್ದಾರೆಯೇ ಎಂಬ ಅಂಶಗಳನ್ನು ಪರಿಶೀಲಿಸಿದರು. ಶತಮಾನಗಳ ಅಂತರವಿದ್ದರೂ, ಭಾಷೆ ದೇಶಗಳು ಬೇರೆಯಾದರೂ, ಹೇಳಿಕೆಗಳ ಸಾರ ಒಂದೇ ಆಗಿತ್ತು: ಮೊದಲು ಪ್ರಕಾಶಮಾನವಾದ ಬೆಂಕಿಯುಂಡೆ, ನಂತರ ಫಿರಂಗಿಯಂತಹ ಸದ್ದು, ನಂತರ ಕಪ್ಪು ಸಿಪ್ಪೆಯ ಕಲ್ಲು. ಇಷ್ಟು ಮಂದಿ ಒಂದೇ ರೀತಿ ಸುಳ್ಳು ಹೇಳಲು ಸಾಧ್ಯವಿಲ್ಲವೆಂದು ಅವರು ತೀರ್ಮಾನಿಸಿದರು.

ಸಾಕ್ಷ್ಯದ ಜೊತೆಗೆ ಭೌತಶಾಸ್ತ್ರದ ತರ್ಕವೂ ಇತ್ತು. ಬೆಂಕಿಯುಂಡೆಗಳ ವೇಗವು ಕೇವಲ ಭೂಮಿಯ ಆಕರ್ಷಣೆಯಿಂದ ಬರಬಹುದಾದುದಕ್ಕಿಂತ ಹೆಚ್ಚಿನದಾಗಿತ್ತು. ಆದುದರಿಂದ ಅವು ಹೊರಗಿನಿಂದ ಬಂದಿರಲೇಬೇಕು. ಸೈಬೀರಿಯಾದಲ್ಲಿ 1749ರಲ್ಲಿ ಪತ್ತೆಯಾಗಿ, 1772ರಲ್ಲಿ ಪ್ರಕೃತಿ ವಿಜ್ಞಾನಿ ಪಲ್ಲಾಸ್ ಅವರು ಪರಿಶೀಲಿಸಿದ್ದ ಸುಮಾರು 700 ಕಿಲೋಗ್ರಾಂ ತೂಕದ ಕಬ್ಬಿಣದ ಗಟ್ಟಿಯನ್ನು ಅವರು ಮುಖ್ಯ ಉದಾಹರಣೆಯಾಗಿ ಆರಿಸಿಕೊಂಡರು. ಆ ಪ್ರದೇಶದಲ್ಲಿ ಜ್ವಾಲಾಮುಖಿ ಇರಲಿಲ್ಲ. ಅಷ್ಟು ದೊಡ್ಡ ಗಟ್ಟಿಯನ್ನು ಕರಗಿಸುವ ಕುಲುಮೆಯೂ ಇರಲಿಲ್ಲ. ಸ್ಥಳೀಯ ತಾತಾರ ಜನರು ಅದನ್ನು ಆಕಾಶದಿಂದ ಬಿದ್ದ ಪವಿತ್ರ ವಸ್ತುವೆಂದು ಭಾವಿಸಿದ್ದರು. ಕ್ಲಾಡ್ನಿಯವರು ಈ ಮಾತನ್ನೂ ತಳ್ಳಿಹಾಕಲಿಲ್ಲ.

1794ರಲ್ಲಿ ಈ ಕುರಿತ 63 ಪುಟಗಳ ಚಿಕ್ಕ ಪುಸ್ತಕ ಪ್ರಕಟವಾಯಿತು. ಬೆಂಕಿಯುಂಡೆಗಳು, ಬಿದ್ದ ಕಲ್ಲುಗಳು ಹಾಗೂ ಅನಾಥವಾಗಿ ದೊರೆತ ಕಬ್ಬಿಣದ ಗಟ್ಟಿಗಳು ಒಂದೇ ಮೂಲದವು. ಗ್ರಹಗಳಾಗಿ ಕೂಡಿಕೊಳ್ಳದೆ ಉಳಿದ ಅಥವಾ ಒಡೆದುಹೋದ ಕಾಯಗಳ ತುಣುಕುಗಳಾದ ಅವು ಅವಕಾಶದಲ್ಲಿ ಸಂಚರಿಸುತ್ತ ಭೂಮಿಗೆ ಬೀಳುತ್ತವೆ ಎಂಬುದು ಅದರ ಸಾರ. ಪುಸ್ತಕಕ್ಕೆ ದೊರೆತ ಸ್ವಾಗತ ಕಟುವಾಗಿತ್ತು. ವಿಷಯದ ಕಿಡಿ ಹೊತ್ತಿಸಿದ್ದ ಲಿಖ್ಟೆನ್‌ಬರ್ಗ್ ಅವರಿಗೂ ಮೊದಲಿಗೆ ಅದು ರುಚಿಸಲಿಲ್ಲ. ಕ್ಲಾಡ್ನಿಯವರ ಬಳಿ ಆಗ ಒಂದು ಪ್ರಯೋಗವಾಗಲಿ ರಾಸಾಯನಿಕ ವಿಶ್ಲೇಷಣೆಯಾಗಲಿ ಇರಲಿಲ್ಲವೆಂಬುದೂ ನಿಜ. ಇದ್ದದ್ದು ಜನಸಾಮಾನ್ಯರ ಮಾತು.

ಸಾಲಾಗಿ ಬಂದ ಸಾಕ್ಷ್ಯಗಳು

ಪುಸ್ತಕ ಹೊರಬಂದ ಕೆಲವೇ ವಾರಗಳಲ್ಲಿ, 1794ರ ಜೂನ್ 16ರಂದು, ಇಟಲಿಯ ಸಿಯೆನಾ ನಗರದ ಬಳಿ ಕಲ್ಲುಗಳು ಬಿದ್ದವು. ಅದಕ್ಕೆ ಒಂದು ದಿನಕ್ಕೂ ಕಡಿಮೆ ಅವಧಿಯ ಹಿಂದೆ ವೆಸೂವಿಯಸ್ ಜ್ವಾಲಾಮುಖಿ ಭುಗಿಲೆದ್ದಿತ್ತು. ಪರ್ವತ ಉಗುಳಿದ ಕಲ್ಲುಗಳೇ ಇವು ಎಂದು ಅನೇಕರು ಸಮಾಧಾನಪಟ್ಟುಕೊಂಡರು. ಆದರೆ ಜ್ವಾಲಾಮುಖಿಗೂ ಸಿಯೆನಾಕ್ಕೂ ಇದ್ದ ದೂರ 300 ಕಿಲೋಮೀಟರಿಗೂ ಮಿಗಿಲು. ಕಲ್ಲುಗಳು ಬಂದದ್ದೋ ಉತ್ತರದ ಕಡೆಯಿಂದ. ಅಲ್ಲಿಂದ ಮುಂದೆ ಜ್ವಾಲಾಮುಖಿ ಎಂಬ ಪದವು ಉಲ್ಕಾಶಿಲೆಗಳ ಚರ್ಚೆಯನ್ನು ಬಿಟ್ಟು ಹೋಗಲಿಲ್ಲ.

1795ರ ಡಿಸೆಂಬರ್ 13ರಂದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ವೋಲ್ಡ್ ಕಾಟೇಜ್ ಎಂಬಲ್ಲಿ 25 ಕಿಲೋಗ್ರಾಂ ತೂಕದ ಕಲ್ಲು ಬಿದ್ದಿತು. ಜಮೀನಿನ ಒಡೆಯರು ಕೂಲಿಕಾರರ ಹೇಳಿಕೆಗಳನ್ನು ಬರೆಸಿಕೊಂಡು, ಕಲ್ಲನ್ನು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟರು.

ನಿರ್ಣಾಯಕ ಸಾಕ್ಷ್ಯಗಳಲ್ಲಿ ಒಂದು ಭಾರತದಿಂದ ಬಂದಿತೆಂಬುದು ಗಮನಾರ್ಹ. 1798ರ ಡಿಸೆಂಬರ್ 19ರ ರಾತ್ರಿ ಸುಮಾರು ಎಂಟು ಗಂಟೆಗೆ ಬನಾರಸ್ ಸಮೀಪದ ಗ್ರಾಮಗಳ ಮೇಲೆ ದೊಡ್ಡ ಬೆಂಕಿಯುಂಡೆ ಕಾಣಿಸಿಕೊಂಡು ಕಲ್ಲುಗಳು ಬಿದ್ದವು. ಒಂದು ಕಲ್ಲು ಕಾವಲುಗಾರನ ಗುಡಿಸಲಿನ ಮಾಡನ್ನು ತೂತುಮಾಡಿಕೊಂಡು ಒಳಗಿನ ನೆಲಕ್ಕೆ ಇಳಿದಿತ್ತು. ಮರುದಿನ ಗ್ರಾಮಸ್ಥರು ಹೊಲಗಳಲ್ಲಿ ಹೊಸದಾಗಿ ಮಣ್ಣು ಎದ್ದಿದ್ದ ಕಡೆ ಅಗೆದು ಕಲ್ಲುಗಳನ್ನು ಹೊರತೆಗೆದರು. ಅಲ್ಲಿದ್ದ ಜಾನ್ ಲಾಯ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ವ್ಯಕ್ತಿ ಈ ಹೇಳಿಕೆಗಳನ್ನು ದಾಖಲಿಸಿ, ಮಾದರಿಗಳ ಸಹಿತ ಇಂಗ್ಲೆಂಡಿಗೆ ತಲುಪಿಸಿದರು. ಆ ಸೀಮೆಯಲ್ಲಿ ಜ್ವಾಲಾಮುಖಿಯೇ ಇಲ್ಲದ್ದರಿಂದ ಹಳೆಯ ವಿವರಣೆಗೆ ಅಲ್ಲಿ ಎಡೆಯಿರಲಿಲ್ಲ.

ಇಂಗ್ಲೆಂಡಿನ ರಸಾಯನಜ್ಞ ಎಡ್ವರ್ಡ್ ಹೋವರ್ಡ್ ಅವರು ಬನಾರಸ್, ಸಿಯೆನಾ, ವೋಲ್ಡ್ ಕಾಟೇಜ್ ಹಾಗೂ ಬೊಹೀಮಿಯಾದ ತಾಬೊರ್ ಕಲ್ಲುಗಳನ್ನು ವಿಶ್ಲೇಷಿಸಿ 1802ರಲ್ಲಿ ವರದಿ ಪ್ರಕಟಿಸಿದರು. ಸಾವಿರಾರು ಮೈಲಿ ಅಂತರದಲ್ಲಿ ಬಿದ್ದ ನಾಲ್ಕೂ ಕಲ್ಲುಗಳು ಪರಸ್ಪರ ಹೋಲುತ್ತಿದ್ದವು. ಅವುಗಳಲ್ಲಿನ ಕಬ್ಬಿಣದ ಕಣಗಳಲ್ಲಿ ನಿಕ್ಕಲ್ ಲೋಹವಿತ್ತು. ಮರುವರ್ಷ, 1803ರ ಏಪ್ರಿಲ್ 26ರಂದು, ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಮೂರು ಸಾವಿರದಷ್ಟು ಕಲ್ಲುಗಳು ಬಿದ್ದಾಗ ಸರ್ಕಾರವು ಭೌತವಿಜ್ಞಾನಿ ಬಿಯೋ ಅವರನ್ನು ತನಿಖೆಗೆ ಕಳುಹಿಸಿತು. ಅವರು ಊರೂರು ತಿರುಗಿ ಹೇಳಿಕೆ ಪಡೆದು, ಕಲ್ಲು ಬಿದ್ದ ಪ್ರದೇಶದ ನಕ್ಷೆ ತಯಾರಿಸಿ ಸಲ್ಲಿಸಿದ ವರದಿಯ ನಂತರ ಫ್ರಾನ್ಸಿನಲ್ಲಿಯೂ ವಿರೋಧ ಕುಗ್ಗಿತು. ಹತ್ತು ವರ್ಷಗಳ ಹಿಂದೆ ಗ್ರಂಥಾಲಯದಲ್ಲಿ ಕುಳಿತು ಕ್ಲಾಡ್ನಿಯವರು ಅನುಸರಿಸಿದ ವಿಧಾನವನ್ನೇ ಬಿಯೋ ಅವರು ಹೊಲಗದ್ದೆಗಳ ನಡುವೆ ಅನುಸರಿಸಿದರೆಂದರೆ ತಪ್ಪಾಗದು.

ಚಂದ್ರನ ಜ್ವಾಲಾಮುಖಿಗಳು ಮತ್ತು ಸ್ಟಾನರ್ನ್ ಕಲ್ಲು

ಕಲ್ಲುಗಳು ಬೀಳುತ್ತವೆಂಬುದು ಒಪ್ಪಿತವಾದರೂ ಎಲ್ಲಿಂದ ಎಂಬ ವಿವಾದ ಮುಗಿಯಲಿಲ್ಲ. ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್ ಅವರು 1787ರಲ್ಲಿ ಚಂದ್ರನ ಮೇಲೆ ಉರಿಯುವ ಜ್ವಾಲಾಮುಖಿಗಳನ್ನು ಕಂಡುದಾಗಿ ವರದಿ ಮಾಡಿದ್ದರು. ಅವೇ ಕಲ್ಲುಗಳನ್ನು ಭೂಮಿಯತ್ತ ಎಸೆಯುತ್ತಿರಬಹುದೆಂದು ಜರ್ಮನಿಯ ಓಲ್ಬರ್ಸ್ ಅವರು 1795ರಲ್ಲಿ ಸೂಚಿಸಿದರು; 1802ರಲ್ಲಿ ಫ್ರಾನ್ಸಿನ ಲಾಪ್ಲಾಸ್ ಅವರೂ ಇದೇ ಸಾಧ್ಯತೆಯನ್ನು ಮುಂದಿಟ್ಟರು. ಅಂತಹ ಘಟಾನುಘಟಿಗಳ ಬೆಂಬಲದಿಂದ ಈ ವಾದವು ಬಹಳ ಪ್ರಬಲವಾಯಿತು. ಕ್ಲಾಡ್ನಿಯವರೂ ಕೆಲಕಾಲ ಅದರತ್ತ ವಾಲಿದರು. ತಮ್ಮ ಮೂಲ ಅಭಿಪ್ರಾಯಕ್ಕೆ ಅವರು ದೃಢವಾಗಿ ಮರಳಿದ್ದು 1818ರ ಸುಮಾರಿಗೆ. ಒಂಟಿಯಾಗಿ ವಾದಿಸಿ ಗೆದ್ದ ವ್ಯಕ್ತಿಯೂ ದೊಡ್ಡವರ ಒಮ್ಮತದ ಮುಂದೆ ಅಳುಕಿದ್ದುಂಟು ಎಂಬುದನ್ನು ಮರೆಮಾಚಬೇಕಿಲ್ಲ.

ಈ ನಡುವೆ 1808ರ ಮೇ 22ರ ಬೆಳಗ್ಗೆ, ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ಮೊರಾವಿಯಾ ಪ್ರಾಂತದ ಸ್ಟಾನರ್ನ್ ಎಂಬ ಊರಿನ ಸುತ್ತ ಇನ್ನೂರಕ್ಕೂ ಹೆಚ್ಚು ಕಲ್ಲುಗಳು ಬಿದ್ದವು. ವಿಯೆನ್ನಾದ ಪ್ರಕೃತಿ ವಸ್ತುಸಂಗ್ರಹದ ನಿರ್ದೇಶಕ ಕಾರ್ಲ್ ಫಾನ್ ಶ್ರೈಬರ್ಸ್ ಅವರು ಸ್ಥಳಕ್ಕೆ ತೆರಳಿ ತನಿಖೆ ನಡೆಸಿ ಕಲ್ಲುಗಳನ್ನು ಸಂಗ್ರಹಿಸಿದರು. ಅವು ಅದುವರೆಗೆ ಕಂಡ ಕಲ್ಲುಗಳಂತಿರಲಿಲ್ಲ. ಹೊರಸಿಪ್ಪೆ ಮಾಮೂಲಿನಂತೆ ಮಂಕಾಗಿರದೆ ವಾರ್ನಿಷ್ ಬಳಿದಂತೆ ಮಿರುಗುತ್ತಿತ್ತು. ಒಳಗೆ ಬೂದುಬಣ್ಣದ ಸಣ್ಣ ಹರಳುಗಳ ಶಿಲೆ. ಹೋವರ್ಡ್ ಅವರು ಗುರುತಿನ ಚಿಹ್ನೆಯಾಗಿ ತೋರಿಸಿಕೊಟ್ಟಿದ್ದ ನಿಕ್ಕಲ್‌ಯುಕ್ತ ಕಬ್ಬಿಣದ ಕಣಗಳು ಇಲ್ಲಿ ಕಾಣಿಸಲಿಲ್ಲ. ರಸಾಯನಶಾಸ್ತ್ರದ ಅಳತೆಗೋಲನ್ನಷ್ಟೇ ನಂಬಿದ್ದರೆ ಸ್ಟಾನರ್ನ್ ಕಲ್ಲನ್ನು ಉಲ್ಕಾಶಿಲೆಯಲ್ಲವೆಂದು ತಳ್ಳಿಹಾಕಬೇಕಾಗುತ್ತಿತ್ತು. ಅದನ್ನು ಉಳಿಸಿದ್ದು ಆ ಬೆಳಗ್ಗೆ ಅದು ಬಿದ್ದುದನ್ನು ಕಂಡವರ ಮಾತು.

1821ರ ಜೂನ್ 15ರಂದು ಫ್ರಾನ್ಸಿನ ಜುವಿನಾ ಎಂಬಲ್ಲಿ ಬಿದ್ದ ಕಲ್ಲೂ ಇದೇ ಬಗೆಯದು. ಇವು ಕರಗಿದ ಶಿಲಾರಸದಿಂದ ಹುಟ್ಟಿದವು. ನಿಜಾರ್ಥದಲ್ಲಿ ಜ್ವಾಲಾಮುಖಿ ಶಿಲೆಗಳು. ಆದರೆ ಆ ಜ್ವಾಲಾಮುಖಿ ವೆಸೂವಿಯಸ್ ಆಗಿರಲಿಲ್ಲ, ಚಂದ್ರನದೂ ಆಗಿರಲಿಲ್ಲ.

ಸಂಗ್ರಹಕಾರ ಕ್ಲಾಡ್ನಿ

ಕಲ್ಲುಗಳು ಸಂಗ್ರಹಾಲಯಗಳಿಂದ ಹೊರಬಿದ್ದ ಕಾಲವನ್ನು ಕಂಡಿದ್ದ ಕ್ಲಾಡ್ನಿಯವರು ತಾವೇ ಸಂಗ್ರಹಕಾರರಾದರು. ಅವರು ಶ್ರೀಮಂತರಾಗಿರಲಿಲ್ಲ. ಉಪನ್ಯಾಸಕ್ಕೆ ಹೋದ ಊರುಗಳಲ್ಲಿ ವಿಚಾರಿಸಿ, ಪರಿಚಯಸ್ಥರಿಂದ ಕೇಳಿ ಪಡೆದು, ವಿನಿಮಯ ಮಾಡಿಕೊಂಡು ಚೂರುಚೂರಾಗಿ ಕೂಡಿಹಾಕಿದರು. ಅವರ ಮಟ್ಟಿಗೆ ಸಂಗ್ರಹವೆಂದರೆ ಕಪಾಟಿನ ಅಲಂಕಾರವಲ್ಲ, ಮೊಕದ್ದಮೆಯ ದಾಖಲೆ. ಕಲ್ಲು ಬಿದ್ದ ಊರು, ದಿನ ಹಾಗೂ ಸಾಕ್ಷಿಗಳ ವಿವರವೇ ಅವರಿಗೆ ಮುಖ್ಯವಾಗಿತ್ತು.

ಕಲ್ಲುಗಳ ಜೊತೆಯಲ್ಲಿಯೇ ವರದಿಗಳ ಸಂಗ್ರಹವೂ ಬೆಳೆಯಿತು. ಪ್ರಾಚೀನ ಕಾಲದಿಂದ ತಮ್ಮ ಕಾಲದವರೆಗೆ ತಿಳಿದುಬಂದ ಬೆಂಕಿಯುಂಡೆಗಳ ಹಾಗೂ ಬಿದ್ದ ಕಲ್ಲುಗಳ ಪಟ್ಟಿಯನ್ನು ಪದೇಪದೇ ತಿದ್ದಿ ಪ್ರಕಟಿಸುತ್ತ ಬಂದರು. ಅದರ ಪೂರ್ಣ ರೂಪವಾದ ದೊಡ್ಡ ಗ್ರಂಥವು 1819ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾಯಿತು. ವಿಯೆನ್ನಾ ಸಂಗ್ರಹದ ಕಲ್ಲುಗಳ ಚಿತ್ರ ಹಾಗೂ ವಿವರಗಳನ್ನೊಳಗೊಂಡ ಪುರವಣಿ ಸಂಪುಟವನ್ನು ಶ್ರೈಬರ್ಸ್ ಅವರು 1820ರಲ್ಲಿ ಹೊರತಂದರು. ಎರಡನ್ನೂ ಜೊತೆಗಿಟ್ಟು ನೋಡಿದರೆ, ಹೇಳಿಕೆ ಒಂದು ಕೈಯಲ್ಲಿ, ವಸ್ತು ಇನ್ನೊಂದು ಕೈಯಲ್ಲಿ ಎಂಬಂತಿವೆ.

ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ವಿಟ್ಟೆನ್‌ಬರ್ಗ್ ನಗರಕ್ಕೆ ಮುತ್ತಿಗೆ ಬಿದ್ದುದರಿಂದ ಅವರು ಸಮೀಪದ ಕೆಂಬರ್ಗ್ ಎಂಬ ಸಣ್ಣ ಊರಿಗೆ ವಾಸ ಬದಲಿಸಿದರು. ಸಂಚಾರವನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. 1827ರ ಏಪ್ರಿಲ್ 3ರಂದು, ಉಪನ್ಯಾಸ ಪ್ರವಾಸದಲ್ಲಿದ್ದಾಗ, ಇಂದು ಪೋಲೆಂಡ್ ದೇಶದಲ್ಲಿರುವ ಬ್ರೆಸ್ಲಾವ್ ನಗರದಲ್ಲಿ ನಿಧನರಾದರು. ಆಗ ಅವರಿಗೆ 70 ವರ್ಷ. ನಲವತ್ತರಷ್ಟು ಉಲ್ಕಾಶಿಲೆಗಳ ತಮ್ಮ ಸಂಗ್ರಹವನ್ನು ಬರ್ಲಿನ್ ವಿಶ್ವವಿದ್ಯಾಲಯದ ಖನಿಜ ಸಂಗ್ರಹಾಲಯಕ್ಕೆ ಸೇರುವಂತೆ ಮರಣಶಾಸನದಲ್ಲಿ ಬರೆದಿಟ್ಟಿದ್ದರು.

ಸಂಗ್ರಹದಿಂದ ಬೆಳೆದ ವಿಜ್ಞಾನ

ಬರ್ಲಿನ್ ಸಂಗ್ರಹಾಲಯದ ಖನಿಜವಿಜ್ಞಾನಿ ಗುಸ್ಟಾವ್ ರೋಸ್ ಅವರು, ಕ್ಲಾಡ್ನಿಯವರ ಕಲ್ಲುಗಳೂ ಸೇರಿದ್ದ ಅಲ್ಲಿನ ಸಂಗ್ರಹವನ್ನು ಆಧರಿಸಿ 1864ರಲ್ಲಿ ಉಲ್ಕಾಶಿಲೆಗಳ ವರ್ಗೀಕರಣವನ್ನು ಪ್ರಕಟಿಸಿದರು. ಇಂದಿಗೂ ಬಳಕೆಯಲ್ಲಿರುವ ಅನೇಕ ಹೆಸರುಗಳು ಅದರಿಂದ ಬಂದವು. ಗುಂಡನೆಯ ಸಣ್ಣ ಕಾಳುಗಳಿರುವ ಸಾಮಾನ್ಯ ವರ್ಗಕ್ಕೆ ಕಾಂಡ್ರೈಟ್ ಎಂದೂ, ಸ್ಟಾನರ್ನ್ ಹಾಗೂ ಜುವಿನಾ ಕಲ್ಲುಗಳ ಜ್ವಾಲಾಮುಖಿ ವರ್ಗಕ್ಕೆ ಯೂಕ್ರೈಟ್ ಎಂದೂ ಹೆಸರಿಟ್ಟರು. ಯೂಕ್ರೈಟ್ ಎಂದರೆ ಗ್ರೀಕ್ ಭಾಷೆಯಲ್ಲಿ ಸುಲಭವಾಗಿ ಗುರುತಿಸಬಹುದಾದುದು ಎಂದರ್ಥ. ಅದರೊಳಗಿನ ಪೈರಾಕ್ಸೀನ್ ಹಾಗೂ ಫೆಲ್ಡ್‌ಸ್ಪಾರ್ ಖನಿಜಗಳನ್ನು ಬೇರ್ಪಡಿಸಿ ಗುರುತಿಸುವುದು ಸುಲಭವೇ ಇರಬಹುದು. ಹೊಲದಲ್ಲಿ ಬಿದ್ದಿರುವ ಯೂಕ್ರೈಟ್ ಕಲ್ಲನ್ನು ಗುರುತಿಸುವುದು ಮಾತ್ರ ಸುಲಭವಲ್ಲ. ಹೋವರ್ಡ್ ಅವರ ಗೌರವಾರ್ಥ ಹೋವರ್ಡೈಟ್ ಎಂಬ ಹೆಸರನ್ನು ಇಟ್ಟವರೂ ರೋಸ್ ಅವರೇ.

ಯೂಕ್ರೈಟ್‌ಗಳ ತವರಿನ ಸುಳಿವು ದೊರೆತದ್ದು 1970ರಲ್ಲಿ. ವೆಸ್ಟಾ ಎಂಬ ಕ್ಷುದ್ರಗ್ರಹದಿಂದ ಪ್ರತಿಫಲಿಸುವ ಬೆಳಕು ಯೂಕ್ರೈಟ್ ಕಲ್ಲುಗಳಿಂದ ಪ್ರತಿಫಲಿಸುವ ಬೆಳಕನ್ನು ಹೋಲುತ್ತದೆಂದು ಕಂಡುಬಂದಿತು. ವೆಸ್ಟಾದ ವ್ಯಾಸ ಸುಮಾರು 525 ಕಿಲೋಮೀಟರ್. 2011 ಮತ್ತು 2012ರಲ್ಲಿ ಅಮೆರಿಕದ ಡಾನ್ ಬಾಹ್ಯಾಕಾಶ ನೌಕೆಯು ಅದನ್ನು ಸುತ್ತಿ ನಡೆಸಿದ ಅಧ್ಯಯನದಿಂದ ಈ ಸಂಬಂಧ ಮತ್ತಷ್ಟು ದೃಢಪಟ್ಟಿತು. ವೆಸ್ಟಾವನ್ನು 1807ರ ಮಾರ್ಚ್ 29ರಂದು ಕಂಡುಹಿಡಿದವರು ಬೇರಾರೂ ಅಲ್ಲ, ಚಂದ್ರನ ಜ್ವಾಲಾಮುಖಿಯ ವಾದವನ್ನು ಮುಂದಿಟ್ಟಿದ್ದ ಓಲ್ಬರ್ಸ್ ಅವರೇ. ಅದಾದ ಹದಿನಾಲ್ಕು ತಿಂಗಳಿಗೆ ಸ್ಟಾನರ್ನ್ ಕಲ್ಲುಗಳು ಬಿದ್ದವು. ಒಡೆದುಹೋದ ಕಾಯಗಳ ತುಣುಕುಗಳು ಎಂದು 1794ರಲ್ಲಿ ಕ್ಲಾಡ್ನಿಯವರು ಬರೆದಾಗ ಒಂದು ಕ್ಷುದ್ರಗ್ರಹವೂ ಪತ್ತೆಯಾಗಿರಲಿಲ್ಲ.

ಅಷ್ಟು ಚಿಕ್ಕ ಕಾಯದಲ್ಲಿ ಕಲ್ಲು ಕರಗುವಷ್ಟು ಶಾಖ ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಉತ್ತರ ನೀಡುವಲ್ಲಿ ಭಾರತದ ಪಾತ್ರವಿದೆ. 1996ರ ಜೂನ್ 20ರಂದು ರಾಜಸ್ಥಾನದ ಪಾಲಿ ಜಿಲ್ಲೆಯ ಪಿಪ್ಲಿಯಾ ಕಲಾನ್ ಗ್ರಾಮದಲ್ಲಿ ಯೂಕ್ರೈಟ್ ಉಲ್ಕಾಶಿಲೆ ಬಿದ್ದಿತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಅದರಲ್ಲಿ, ಬಹುಹಿಂದೆಯೇ ನಶಿಸಿಹೋದ ಅಲ್ಯೂಮಿನಿಯಂ-26 ಎಂಬ ವಿಕಿರಣಶೀಲ ಧಾತುವಿನ ಕುರುಹನ್ನು ಪತ್ತೆಹಚ್ಚಿ 1999ರಲ್ಲಿ ಪ್ರಕಟಿಸಿದರು. ಏಳು ಲಕ್ಷ ವರ್ಷಗಳಿಗೊಮ್ಮೆ ಅರ್ಧದಷ್ಟಾಗುವ ಈ ಧಾತು ಸೌರವ್ಯೂಹದ ಆದಿಕಾಲದಲ್ಲಿ ಹೇರಳವಾಗಿದ್ದು, ಅದರ ಶಾಖದಿಂದಲೇ ಸಣ್ಣ ಕಾಯಗಳು ಕರಗಿ ಲಾವಾ ಹರಿದಿರಬೇಕು. ಆ ಲಾವಾ ಗಟ್ಟಿಯಾಗಿ 450 ಕೋಟಿ ವರ್ಷಗಳಿಗೂ ಹೆಚ್ಚು ಕಾಲವಾಗಿದೆ.

ಬಿಹಾರದ ಶೇರ್‌ಘಾಟಿಯಲ್ಲಿ 1865ರ ಆಗಸ್ಟ್ 25ರಂದು ಬಿದ್ದ ಜ್ವಾಲಾಮುಖಿ ಶಿಲೆ ಮಂಗಳ ಗ್ರಹದ್ದೆಂದು ಇಂದು ತಿಳಿದಿದೆ. ಆ ವರ್ಗಕ್ಕೆ ಅದರ ಹೆಸರಿನಿಂದಲೇ ಶೇರ್ಗೊಟೈಟ್ ಎನ್ನಲಾಗುತ್ತದೆ. ಅದರ ಮುಖ್ಯಭಾಗ ಕೋಲ್ಕತ್ತಾದಲ್ಲಿದೆ. ಅದೇ 1865ರ ಸೆಪ್ಟೆಂಬರಿನಲ್ಲಿ ಅಂದಿನ ಮೈಸೂರು ಸಂಸ್ಥಾನದ ಮದ್ದೂರಿನಲ್ಲಿಯೂ ಉಲ್ಕಾಶಿಲೆ ಬಿದ್ದುದು ದಾಖಲಾಗಿದೆ. ಅದು ಜ್ವಾಲಾಮುಖಿ ವರ್ಗದ್ದಲ್ಲ, ಕಾಂಡ್ರೈಟ್ ವರ್ಗಕ್ಕೆ ಸೇರಿದ್ದು. ಚಂದ್ರನಿಂದ ಬಂದ ಕಲ್ಲುಗಳೂ ಇವೆಯೆಂಬುದು 1982ರಲ್ಲಿ ಅಂಟಾರ್ಕ್ಟಿಕಾದಲ್ಲಿ ದೊರೆತ ಉಲ್ಕಾಶಿಲೆಯೊಂದರಿಂದ ಖಚಿತವಾಯಿತು. ಆದರೆ ಅವುಗಳನ್ನು ಹೊರಗೆಸೆದದ್ದು ಚಂದ್ರನ ಜ್ವಾಲಾಮುಖಿಯಲ್ಲ, ಅಪ್ಪಳಿಸಿದ ಬೇರೆ ಕಾಯಗಳ ಹೊಡೆತ.

ಕ್ಲಾಡ್ನಿಯವರ ಸಂಗ್ರಹವು ಪ್ರಸ್ತುತ ಬರ್ಲಿನ್ ನಗರದ ಪ್ರಕೃತಿ ವಿಜ್ಞಾನ ವಸ್ತುಸಂಗ್ರಹಾಲಯದ ಭಾಗವಾಗಿದೆ.

ಸಾರ್ವಜನಿಕರ ಗಮನಕ್ಕೆ

ಭಾರತದಲ್ಲಿ ಬೀಳುವ ಉಲ್ಕಾಶಿಲೆಗಳ ಸಂರಕ್ಷಣೆ ಹಾಗೂ ಅಧ್ಯಯನವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ನಿರ್ವಹಿಸುತ್ತದೆ. ಕಲ್ಲು ಬಿದ್ದುದನ್ನು ಕಂಡವರು ತಹಶೀಲ್ದಾರರಿಗೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ಮಾಹಿತಿ ನೀಡಿದಲ್ಲಿ ಅದನ್ನು ಸಂಸ್ಥೆಗೆ ತಲುಪಿಸಲು ಅನುಕೂಲವಾಗುತ್ತದೆ. ಕಲ್ಲನ್ನು ತೊಳೆಯಬಾರದು, ಒಡೆಯಬಾರದು, ಅಯಸ್ಕಾಂತದಿಂದ ಉಜ್ಜಬಾರದು. ಅಯಸ್ಕಾಂತ ತಗುಲಿದರೆ ಶಿಲೆಯಲ್ಲಿ ಉಳಿದಿರಬಹುದಾದ ಪ್ರಾಚೀನ ಕಾಂತಗುಣದ ಗುರುತು ಅಳಿಸಿಹೋಗುತ್ತದೆ. ಯೂಕ್ರೈಟ್‌ನಂತಹ ಕಲ್ಲುಗಳು ಅಯಸ್ಕಾಂತಕ್ಕೆ ಅಂಟುವುದೂ ಇಲ್ಲವಾದ್ದರಿಂದ, ಅಂಟಲಿಲ್ಲವೆಂಬ ಕಾರಣಕ್ಕೆ ಎಸೆಯುವುದು ಸರಿಯಲ್ಲ. ಹೇಳಿಕೆಯಲ್ಲಿ ದಿನಾಂಕ, ಗಂಟೆ, ಬೆಳಕು ಬಂದ ದಿಕ್ಕು, ಸದ್ದು ಕೇಳಿಸಿದ್ದರೆ ಎಷ್ಟು ಹೊತ್ತಿನ ನಂತರ, ಕಲ್ಲು ದೊರೆತ ಸ್ಥಳದ ಸರ್ವೆ ನಂಬರ್ ಅಥವಾ ಗುರುತು, ಹಾಗೂ ಜೊತೆಯಲ್ಲಿ ಕಂಡವರ ಹೆಸರುಗಳನ್ನು ಬರೆಯಬೇಕು.